ಓದುಗರ ಪ್ರಶ್ನೆ, ನಮ್ಮ ಉತ್ತರ: ನೀರಿನಲ್ಲಿ ನೆನೆದ ಜೆಲ್ಲಿ ಮಿಠಾಯಿ

ಬೇಸಿಗೆ ರಜೆಯ ಸಂಚಿಕೆಯ ಈ ಅಂಕಣದಲ್ಲಿ, ಮಕ್ಕಳು ಮನೆಯಲ್ಲೇ ಮಾಡಿ ನೋಡಬಹುದಾದ ಒಂದು ಪುಟ್ಟ ಪ್ರಯೋಗವನ್ನು ಸೂಚಿಸಿದ್ದೆವು. ಗಮ್ಮಿ ಮಿಠಾಯಿಯನ್ನು, ಅಂದರೆ ಮಕ್ಕಳು ಅಂಗಡಿಯಲ್ಲಿ ‘ಜೆಲ್ಲಿ ಚಾಕ್ಲೇಟ್’ ಎಂದು ಕೇಳಿ ಕೊಳ್ಳುವ, ಕರಡಿಯದೋ ಹುಳುವಿನದೋ ಆಕಾರದ ಆ ಮೆತ್ತನೆಯ ಮಿಠಾಯಿಯನ್ನು, ರಾತ್ರಿ ಒಂದು ಲೋಟ ನೀರಿನಲ್ಲಿ ಹಾಕಿಟ್ಟು ಬೆಳಿಗ್ಗೆ ಅದು ಎಷ್ಟು ಬೆಳೆದಿದೆ ಎಂದು ಅಳೆಯಬೇಕು ಎಂಬುದಷ್ಟೇ ಆ ಸೂಚನೆ. ಅದಕ್ಕೆ ಇಷ್ಟು ಪತ್ರಗಳು ಬರುತ್ತವೆ ಎಂದು ನಾನು ಎಣಿಸಿರಲಿಲ್ಲ. ಬಂದವುಗಳಲ್ಲಿ ಹೆಚ್ಚಿನವು ದೂರುಗಳೇ ಆದ್ದರಿಂದ, ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಡುವುದು ನ್ಯಾಯ.

ಪ್ರಶ್ನೆ: ನಿಮ್ಮ ಪತ್ರಿಕೆಯಲ್ಲಿ ಬರೆದಂತೆಯೇ ನನ್ನ ಮಗಳು ರಾತ್ರಿ ಎರಡು ಬಣ್ಣದ ಜೆಲ್ಲಿ ಮಿಠಾಯಿಗಳನ್ನು ನೀರಿನ ಲೋಟದಲ್ಲಿ ಹಾಕಿಟ್ಟು ಮಲಗಿದಳು. ಬೆಳಿಗ್ಗೆ ಎದ್ದು ನೋಡಿದರೆ ಮಿಠಾಯಿಯೇ ಇಲ್ಲ. ಲೋಟದ ತಳದಲ್ಲಿ ಅಂಟಂಟಾದ ಕೆಸರಿನಂಥದ್ದು ಮಾತ್ರ ಉಳಿದಿತ್ತು. ಇರುವೆಯೋ ಜಿರಳೆಯೋ ತಿಂದಿರಬೇಕೆಂದು ಮುಚ್ಚಳ ಹಾಕಿ ಇನ್ನೊಮ್ಮೆ ಮಾಡಿದೆವು. ಮತ್ತೆ ಅದೇ ಆಯಿತು. ನಮ್ಮಲ್ಲಿ ಏನು ತಪ್ಪಿದೆ? (ಓದುಗರೊಬ್ಬರು, ರಾಯಚೂರು)

ಉತ್ತರ: ತಪ್ಪು ನಿಮ್ಮದಲ್ಲ, ನಮ್ಮದು. ಯಾವ ಬಗೆಯ ಮಿಠಾಯಿ, ಎಷ್ಟು ತಣ್ಣಗಿನ ನೀರು ಎಂಬ ಎರಡು ಮುಖ್ಯ ಸಂಗತಿಗಳನ್ನು ನಾವು ಬರೆಯಲೇ ಇಲ್ಲ. ಕರಡಿಯ ಆಕಾರದ ಈ ಮಿಠಾಯಿಯನ್ನು ಜರ್ಮನಿಯ ಬಾನ್ ನಗರದಲ್ಲಿ ಹಾನ್ಸ್ ರೀಗೆಲ್ ಎಂಬ ಮಿಠಾಯಿ ತಯಾರಕರು 1922ರಲ್ಲಿ ಮಾರುಕಟ್ಟೆಗೆ ತಂದರು. ಅದನ್ನು ನೀರಿನಲ್ಲಿ ನೆನೆಸುವ ಈ ಪ್ರಯೋಗವೂ ತಂಪು ದೇಶಗಳ ಶಾಲೆಗಳಿಂದಲೇ ನಮ್ಮಲ್ಲಿಗೆ ಬಂದದ್ದು. ಅಲ್ಲಿ ‘ಕೋಣೆಯ ಉಷ್ಣತೆ’ ಎಂದರೆ 20 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಏಪ್ರಿಲ್ ತಿಂಗಳಲ್ಲಿ ಹಗಲಿನ ಬಿಸಿಲು 40 ಡಿಗ್ರಿ ದಾಟುವ, ರಾತ್ರಿಯೂ ಗೋಡೆಗಳು ಕಾವು ಬಿಡುತ್ತಲೇ ಇರುವ ರಾಯಚೂರಿನ ಅಡುಗೆಮನೆಗೆ ಆ ಮಾತು ಹೊಂದುವುದಿಲ್ಲ.

ಗಮ್ಮಿ ಮಿಠಾಯಿಗೆ ಮೈಕಟ್ಟು ಕೊಡುವ ವಸ್ತು ಜೆಲಟಿನ್. ದನ, ಹಂದಿಗಳ ಚರ್ಮ ಮತ್ತು ಮೂಳೆಯಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನನ್ನು ಸಂಸ್ಕರಿಸಿ, ನೀರಿನಲ್ಲಿ ಕಾಯಿಸಿ ಇದನ್ನು ತೆಗೆಯುತ್ತಾರೆ. ಮಾಂಸಾಹಾರಿಗಳ ಮನೆಯಲ್ಲಿ ಕಾಲು ಸೂಪು ಮಾಡಿ ಫ್ರಿಜ್ಜಿನಲ್ಲಿ ಇಟ್ಟರೆ ಮರುದಿನ ಅದು ಗಟ್ಟಿಯಾಗಿ ತಟ್ಟೆಯ ಮೇಲೆ ಅಲುಗಾಡುತ್ತದಲ್ಲ, ಅದು ಜೆಲಟಿನ್ನಿನ ಕೆಲಸವೇ. ಉದ್ದನೆಯ ಎಳೆಗಳು ತಂಪಿನಲ್ಲಿ ಅಲ್ಲಲ್ಲಿ ಒಂದಕ್ಕೊಂದು ಹೆಣೆದುಕೊಂಡು ಗಂಟು ಬಿದ್ದು ಬಲೆಯಂತಾಗುತ್ತವೆ. ನೀರೂ ಸಕ್ಕರೆಯೂ ಆ ಬಲೆಯ ಕಣ್ಣುಗಳಲ್ಲಿ ಸಿಕ್ಕಿಕೊಂಡಿರುತ್ತವೆ. ಸುಮಾರು 35 ಡಿಗ್ರಿಗೆ ಬರುವಷ್ಟರಲ್ಲಿ ಈ ಗಂಟುಗಳು ಬಿಚ್ಚಿಕೊಳ್ಳುತ್ತವೆ. ಜೆಲ್ಲಿ ಬಾಯಲ್ಲಿಟ್ಟರೆ ಕರಗುವುದಕ್ಕೂ ಇದೇ ಕಾರಣ, ನಿಮ್ಮ ಲೋಟದಲ್ಲಿ ಕರಗಿದ್ದಕ್ಕೂ ಇದೇ ಕಾರಣವಿರಬಹುದು. ಪೊಟ್ಟಣದಲ್ಲಿದ್ದಾಗ ಕರಗದ ಮಿಠಾಯಿ ನೀರಿಗೆ ಬಿದ್ದೊಡನೆ ಏಕೆ ಕರಗಬೇಕು ಎಂದು ಮಗಳು ಕೇಳಬಹುದು. ಒಣ ಮಿಠಾಯಿಯಲ್ಲಿ ನೀರಿನ ಪಾಲು ಐದರಲ್ಲೊಂದರಷ್ಟೋ ಅದಕ್ಕೂ ಕಡಿಮೆಯೋ ಇರುವುದರಿಂದ ಎಳೆಗಳು ಒತ್ತೊತ್ತಾಗಿದ್ದು ಸ್ವಲ್ಪ ಹೆಚ್ಚು ಕಾವನ್ನು ತಡೆಯುತ್ತವೆ. ನೀರು ಹೀರಿ ಉಬ್ಬಿದ ಮೇಲೆ ಬಲೆ ತೆಳುವಾಗುತ್ತದೆ, ತಾಳಿಕೆಯೂ ತಗ್ಗುತ್ತದೆ.

ಇನ್ನೊಂದು ಸಾಧ್ಯತೆಯೂ ಇದೆ. ಪೊಟ್ಟಣವನ್ನು ಎಸೆದಿರದಿದ್ದರೆ ಅದರ ಮೇಲಿನ ಗುರುತನ್ನು ನೋಡಿ. ಹಸಿರು ಚೌಕದೊಳಗೆ ಹಸಿರು ಚುಕ್ಕೆ ಇದ್ದರೆ ಅದರಲ್ಲಿ ಪ್ರಾಣಿಮೂಲದ ಜೆಲಟಿನ್ ಇಲ್ಲ; ಕಂದು ಚೌಕದೊಳಗೆ ಕಂದು ತ್ರಿಕೋನವಿದ್ದರೆ ಇರಬಹುದು. ಹಸಿರು ಚುಕ್ಕೆಯ ಜೆಲ್ಲಿಗಳಲ್ಲಿ ಅನೇಕವು ಪೆಕ್ಟಿನ್‌ನಿಂದ ಮಾಡಿದವು. ಪದಾರ್ಥಗಳ ಪಟ್ಟಿಯಲ್ಲಿ ಅದು ‘ಐಎನ್‌ಎಸ್ 440’ ಎಂಬ ಸಂಖ್ಯೆಯ ರೂಪದಲ್ಲೂ ಇರುತ್ತದೆ. ಪೆಕ್ಟಿನ್ ಎಂಬುದು ಹಣ್ಣುಗಳಲ್ಲೇ ಇರುವ ಅಂಟು; ಸೀಬೆಹಣ್ಣಿನ ಜೆಲ್ಲಿ ಬೇರೆ ಅಂಟನ್ನು ಬೆರೆಸದೆ ಗಟ್ಟಿಯಾಗುವುದು ಅದರಿಂದಲೇ. ಆದರೆ ಮಿಠಾಯಿಗೆ ಸಾಮಾನ್ಯವಾಗಿ ಬಳಸುವ ಬಗೆಯ ಪೆಕ್ಟಿನ್ ಗಟ್ಟಿಯಾಗಿ ನಿಲ್ಲಬೇಕಾದರೆ ಅದರ ಜೊತೆಗೆ ಧಾರಾಳವಾಗಿ ಸಕ್ಕರೆಯೂ, ಒಂದಿಷ್ಟು ಹುಳಿಯೂ ಇರಲೇಬೇಕು. ನೀರಿನಲ್ಲಿ ಮುಳುಗಿಸಿದಾಗ ಸಕ್ಕರೆಯೂ ಹುಳಿಯೂ ಹೊರಕ್ಕೆ ಹೋಗುತ್ತವೆ, ಆಧಾರ ತಪ್ಪಿದ ಪೆಕ್ಟಿನ್ ಕುಸಿದು ಕೆಸರಾಗುತ್ತದೆ. ಅಂಥ ಮಿಠಾಯಿಯನ್ನು ತಣ್ಣೀರಿನಲ್ಲಿಟ್ಟರೂ ಅದು ಕರಡಿಯಾಗಿ ಉಳಿಯಲಾರದು.

ಇವೆರಡರಲ್ಲಿ ನಿಮ್ಮ ಮನೆಯ ಕಾರಣ ಯಾವುದು ಎಂಬುದನ್ನು ಮಗಳೇ ಪತ್ತೆ ಹಚ್ಚಲಿ. ಅದೇ ಪೊಟ್ಟಣದ ಎರಡು ಮಿಠಾಯಿಗಳನ್ನು ಎರಡು ಲೋಟಗಳಲ್ಲಿ ಹಾಕಿ, ಒಂದನ್ನು ಅಡುಗೆಮನೆಯ ಕಟ್ಟೆಯ ಮೇಲೂ ಇನ್ನೊಂದನ್ನು ಫ್ರಿಜ್ಜಿನಲ್ಲೂ ಇಡಿ. ಫ್ರಿಜ್ಜಿನದು ಉಬ್ಬಿ ನಿಂತು ಹೊರಗಿನದು ಕರಗಿದರೆ ಅದು ಸೆಕೆಯ ಕೆಲಸ. ಎರಡೂ ಕೆಸರಾದರೆ ಅದು ಪೆಕ್ಟಿನ್ನಿನ ಸ್ವಭಾವ. ನಾವು ಸೂಚಿಸಿದ ಪ್ರಯೋಗಕ್ಕಿಂತ ಇದು ಒಳ್ಳೆಯ ಪ್ರಯೋಗ ಎಂದೇ ನನ್ನ ಅಭಿಪ್ರಾಯ.

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸುತ್ತೇನೆ. ನಮ್ಮ ಮಕ್ಕಳು ಈ ಪ್ರಯೋಗಕ್ಕೆ ‘ಅಭಿಸರಣೆ’ ಎಂದು ಶೀರ್ಷಿಕೆ ಬರೆದು ಪ್ರದರ್ಶನಕ್ಕೆ ಇಟ್ಟಿದ್ದರು. ಅಭಿಸರಣೆಗೆ, ಅಂದರೆ ನೀರು ತೆಳು ದ್ರಾವಣದಿಂದ ದಟ್ಟ ದ್ರಾವಣದ ಕಡೆಗೆ ಸಾಗುವುದಕ್ಕೆ, ನೀರನ್ನು ದಾಟಲು ಬಿಟ್ಟು ಕರಗಿದ ವಸ್ತುವನ್ನು ತಡೆಯುವ ಅರೆಪಾರಕ ಪೊರೆ ಬೇಕೆಂದು ಪಾಠದಲ್ಲಿ ಹೇಳಿಕೊಡುತ್ತೇವೆ. ಮಿಠಾಯಿಗೆ ಪೊರೆಯೆಲ್ಲಿದೆ ಎಂದು ಒಬ್ಬ ಹುಡುಗ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಅಲ್ಲದೆ, ಉಪ್ಪುನೀರಿನಲ್ಲಿ ಹಾಕಿದರೆ ಮಿಠಾಯಿ ಕುಗ್ಗಬೇಕೆಂದು ಓದಿದ್ದೆವು. ನಮ್ಮದು ಕುಗ್ಗಲಿಲ್ಲ, ಸ್ವಲ್ಪ ಉಬ್ಬಿತು. ಇದನ್ನು ಮಕ್ಕಳಿಗೆ ಹೇಗೆ ವಿವರಿಸಲಿ? (ವಿಜ್ಞಾನ ಶಿಕ್ಷಕಿ, ಹಾಸನ)

ಉತ್ತರ: ಆ ಹುಡುಗನಿಗೆ ನನ್ನ ಅಭಿನಂದನೆಗಳನ್ನು ತಿಳಿಸಿ. ಥರ್ಮಾಕೋಲ್ ಹಲಗೆಗೆ ಅಂಟಿಸಿದ ಬಣ್ಣದ ಅಕ್ಷರಗಳನ್ನು ನಂಬದೆ ಲೋಟದೊಳಕ್ಕೆ ಬಗ್ಗಿ ನೋಡಿದವನು ಅವನೊಬ್ಬನೇ ಇರಬೇಕು.

ಅಭಿಸರಣೆಯನ್ನು ಮೊದಲು ಗಮನಿಸಿ ದಾಖಲಿಸಿದವರು ಫ್ರಾನ್ಸಿನ ಪಾದ್ರಿ, ಭೌತವಿಜ್ಞಾನಿ ಝಾನ್ ಆಂತ್ವಾನ್ ನೊಲೆ. 1748ರಲ್ಲಿ ಅವರು ಮದ್ಯಸಾರ ತುಂಬಿದ ಪಾತ್ರೆಯ ಬಾಯಿಗೆ ಪ್ರಾಣಿಯ ಮೂತ್ರಕೋಶದ ಪೊರೆಯನ್ನು ಬಿಗಿದು ನೀರಿನಲ್ಲಿ ಮುಳುಗಿಸಿಟ್ಟಾಗ, ನೀರು ಒಳಕ್ಕೆ ನುಗ್ಗಿ ಪೊರೆ ಉಬ್ಬಿಕೊಂಡಿತು. ಅಲ್ಲಿ ಪೊರೆ ಎದ್ದು ಕಾಣುತ್ತಿತ್ತು: ಒಳಗೊಂದು ದ್ರವ, ಹೊರಗೊಂದು ದ್ರವ, ನಡುವೆ ಗಡಿ. ಮಿಠಾಯಿಯಲ್ಲಿ ಅಂಥ ಗಡಿಯಿಲ್ಲ. ಮೇಲ್ಮೈಯಿಂದ ನಡುಭಾಗದವರೆಗೂ ಒಂದೇ ಬಲೆ. ಆ ಬಲೆಯ ಕಣ್ಣುಗಳು ನೀರನ್ನು ಒಳಕ್ಕೆ ಬಿಡುವಂತೆಯೇ ಸಕ್ಕರೆಯನ್ನು ಹೊರಕ್ಕೂ ಬಿಡುತ್ತವೆ. ಸಕ್ಕರೆ ಹೊರಬರುವುದಕ್ಕೆ ಸಾಕ್ಷಿ ಬೇಕಿದ್ದರೆ, ಮಿಠಾಯಿ ನೆನೆದ ನೀರಿನಲ್ಲಿ ಒಂದು ಚಮಚವನ್ನು ಸ್ಟೀಲ್ ತಟ್ಟೆಯ ಮೇಲೆ ತೆಳ್ಳಗೆ ಹರಡಿ ಬಿಸಿಲಿಗಿಡಿ. ಆರಿದ ಮೇಲೆ ಬೆರಳಿಟ್ಟರೆ ಪಾಕದಂತೆ ಅಂಟುತ್ತದೆ. ಮಿಠಾಯಿಯ ಬಣ್ಣವೂ ನೀರಿಗೆ ಬಿಟ್ಟುಕೊಳ್ಳುವುದನ್ನು ಮಕ್ಕಳೇ ಕಂಡಿರುತ್ತಾರೆ. ಹೀಗೆ ದಟ್ಟವಾಗಿರುವಲ್ಲಿಂದ ತೆಳುವಾಗಿರುವಲ್ಲಿಗೆ ತಾನಾಗಿ ಹರಡುವುದು ವಿಸರಣೆ. (ಅಭಿಸರಣೆ, ವಿಸರಣೆ ಎರಡೂ ‘ಸರಣ’ ಎಂಬ ಚಲನೆಯಿಂದಲೇ ಹುಟ್ಟಿದ ಮಾತುಗಳು. ಪರೀಕ್ಷೆಯಲ್ಲಿ ಮಕ್ಕಳು ಒಂದರ ಬದಲು ಇನ್ನೊಂದನ್ನು ಬರೆಯುವುದರಲ್ಲಿ ಆಶ್ಚರ್ಯವಿಲ್ಲ.)

ಹಾಗಾದರೆ ಹೊರಗೆ ಹೋಗದೆ ಉಳಿಯುವುದು ಯಾವುದು? ಜೆಲಟಿನ್. ಅಭಿಸರಣೆಗೆ ಇಂಗ್ಲಿಷಿನಲ್ಲಿ ಇಂದು ಬಳಸುವ ‘ಆಸ್ಮೋಸಿಸ್’ ಎಂಬ ಹೆಸರಿಗೆ ಮೂಲವಾದ ‘ಆಸ್ಮೋಸ್’ ಎಂಬ ಮಾತನ್ನು 1854ರಲ್ಲಿ ಕೊಟ್ಟ ಸ್ಕಾಟ್ಲೆಂಡಿನ ರಸಾಯನವಿಜ್ಞಾನಿ ಥಾಮಸ್ ಗ್ರಹಾಂ, 1861ರಲ್ಲಿ ಇನ್ನೊಂದು ಸಂಗತಿಯನ್ನು ಪ್ರಕಟಿಸಿದರು. ಸಕ್ಕರೆ, ಉಪ್ಪು ಮೊದಲಾದವು ಚರ್ಮಕಾಗದದಂಥ ಪೊರೆಯನ್ನು ಸುಲಭವಾಗಿ ದಾಟುತ್ತವೆ, ಜೆಲಟಿನ್ನಿನಂಥ ಅಂಟುಗಳು ದಾಟಲಾರವು ಎಂಬುದೇ ಅದು. ಹಾಗೆ ದಾಟಲಾರದವುಗಳಿಗೆ ಅವರು ‘ಕೊಲಾಯ್ಡ್’ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ‘ಕೊಲ್ಲ’ ಎಂದರೆ ಅಂಟು. ನಿಮ್ಮ ಲೋಟದಲ್ಲಿ ನಡೆಯುವುದೂ ಗ್ರಹಾಂ ಮಾಡಿದ ವಿಂಗಡಣೆಯೇ, ಪ್ರತ್ಯೇಕ ಪೊರೆ ಇಲ್ಲ ಎಂಬುದಷ್ಟೇ ವ್ಯತ್ಯಾಸ. ಸಕ್ಕರೆ ಹೊರಟುಹೋಗುತ್ತದೆ, ಎಳೆಗಳು ಒಂದಕ್ಕೊಂದು ಗಂಟು ಬಿದ್ದಿರುವುದರಿಂದ ಜೆಲಟಿನ್ ಹೊರಡಲಾರದು. ತಾನು ಹೊರಕ್ಕೆ ಹರಡಲಾರದಾಗ ಅದು ನೀರನ್ನೇ ಒಳಕ್ಕೆ ಎಳೆದುಕೊಂಡು, ಗಂಟುಗಳು ಅವಕಾಶ ಕೊಡುವಷ್ಟರ ಮಟ್ಟಿಗೆ ಹಿಗ್ಗುತ್ತದೆ.

ಮಿಠಾಯಿ ಉಬ್ಬುವುದಕ್ಕೆ ಅದರೊಳಗಿನ ಸಕ್ಕರೆಯೊಂದೇ ಕಾರಣವಲ್ಲ ಎಂಬುದನ್ನು ತರಗತಿಯಲ್ಲೇ ತೋರಿಸಬಹುದು. ಬೇಕರಿಗೆ ಸಾಮಾನು ಒದಗಿಸುವ ಅಂಗಡಿಗಳಲ್ಲಿ ಸಕ್ಕರೆ, ಬಣ್ಣ ಯಾವುದೂ ಇಲ್ಲದ ಬರಿಯ ಜೆಲಟಿನ್ ಪುಡಿ ಸಿಗುತ್ತದೆ. ಒಂದು ಚಮಚ ಪುಡಿಯನ್ನು ತಣ್ಣೀರಿಗೆ ಉದುರಿಸಿ ಹತ್ತು ನಿಮಿಷ ಬಿಡಿ. ಅದು ತನ್ನ ತೂಕದ 5ರಿಂದ 10 ಪಟ್ಟು ನೀರನ್ನು ಹೀರಿಕೊಂಡು ನೆನೆದ ಸಾಬಕ್ಕಿಯಂತೆ ಊದಿಕೊಳ್ಳುತ್ತದೆ. ಅಲ್ಲಿ ಒಂದು ಹರಳು ಸಕ್ಕರೆಯೂ ಇರಲಿಲ್ಲ. ಹಾಗೆಂದು ಸಕ್ಕರೆಯ ಪಾತ್ರವೇ ಇಲ್ಲವೆಂದಲ್ಲ. ಮೊದಲ ಕೆಲವು ತಾಸುಗಳಲ್ಲಿ, ಒಳಗಿನ ಸಕ್ಕರೆ ಇನ್ನೂ ದಟ್ಟವಾಗಿರುವಾಗ, ನೀರು ಬಿರುಸಾಗಿ ಒಳನುಗ್ಗುವುದರಲ್ಲಿ ಅದರ ಕೈವಾಡ ಖಂಡಿತ ಇದೆ.

ಈಗ ಉಪ್ಪುನೀರಿನ ವಿಷಯ. ನಿಮ್ಮ ಮಿಠಾಯಿ ಕುಗ್ಗದಿದ್ದುದೇ ಸರಿ. ಪುಸ್ತಕಗಳಲ್ಲಿ ಬರೆದಿರುವುದು ತರ್ಕದ ಮಾತು, ಯಾರೂ ಅಳೆದು ನೋಡಿ ಬರೆದದ್ದಲ್ಲವೆಂದು ನನಗೆ ತೋರುತ್ತದೆ. 200 ಮಿಲಿಲೀಟರ್ ನೀರಿಗೆ ಒಂದು ಚಮಚ, ಅಂದರೆ ಸುಮಾರು 6 ಗ್ರಾಂ ಉಪ್ಪು ಬೆರೆಸಿದರೆ ಸಿಗುವುದು ಶೇಕಡಾ 3ರ ದ್ರಾವಣ. ಅದು ಸಮುದ್ರದ ನೀರಿಗಿಂತಲೂ ತುಸು ಸಪ್ಪೆ. ಮಿಠಾಯಿಯೋ, ಮುಕ್ಕಾಲು ಪಾಲು ಸಕ್ಕರೆ. ಜೇನುತುಪ್ಪದಷ್ಟು ದಟ್ಟವಾದ ಅದರ ಪಾಲಿಗೆ ನಿಮ್ಮ ಉಪ್ಪುನೀರು ಬರಿಯ ನೀರಿಗಿಂತ ಬಹಳ ಬೇರೆಯೇನಲ್ಲ. ನೀರು ಒಳಕ್ಕೇ ಹೋಗುತ್ತದೆ, ವೇಗ ಮಾತ್ರ ಸ್ವಲ್ಪ ಕಡಿಮೆ. 100 ಮಿಲಿಲೀಟರ್ ನೀರಿನಲ್ಲಿ ಹೆಚ್ಚೆಂದರೆ 36 ಗ್ರಾಂನಷ್ಟು ಉಪ್ಪು ಕರಗುತ್ತದೆ. ಅಷ್ಟನ್ನೂ ಕರಗಿಸಿದ ನೀರಿಗೆ ಕೂಡ ಒಣ ಮಿಠಾಯಿಯಿಂದ ನೀರನ್ನು ಸೆಳೆಯುವುದು ಕಷ್ಟ, ಏಕೆಂದರೆ ಸೆಳೆಯಲು ಅಲ್ಲಿ ನೀರೇ ಅಷ್ಟಿಲ್ಲ.

ಕುಗ್ಗುವುದನ್ನು ನೋಡಲೇಬೇಕೆಂದಿದ್ದರೆ ಕ್ರಮವನ್ನು ತಿರುಗಿಸಿ. ಮಿಠಾಯಿಯನ್ನು ಮೊದಲು ಬರಿಯ ನೀರಿನಲ್ಲಿ ಒಂದು ರಾತ್ರಿ ಉಬ್ಬಿಸಿ, ಅನಂತರ ದಟ್ಟವಾದ ಉಪ್ಪುನೀರಿಗೋ ಸಕ್ಕರೆ ಪಾಕಕ್ಕೋ ಹಾಕಿ. ಆಗ ಅದರಲ್ಲಿ ಸೆಳೆಯಲು ನೀರಿರುತ್ತದೆ. ಕೆಲವು ತಾಸುಗಳಲ್ಲಿ ಅದು ಇಳಿದು ಬಿಗಿಯಾಗುತ್ತದೆ. ಕೋಸಂಬರಿಗೆ ಸವತೆಕಾಯಿ ಹೆಚ್ಚಿ ಉಪ್ಪು ಬೆರೆಸಿದ ಸ್ವಲ್ಪ ಹೊತ್ತಿಗೆ ತಟ್ಟೆಯಲ್ಲಿ ನೀರು ಬಿಡುವುದನ್ನೂ, ಉಪ್ಪು ಬೆರೆಸಿಟ್ಟ ಮಾವಿನಕಾಯಿ ಹೋಳುಗಳು ಭರಣಿಯಲ್ಲಿ ಸುಕ್ಕುಗಟ್ಟುವುದನ್ನೂ ಮಕ್ಕಳಿಗೆ ನೆನಪಿಸಿ. ಅವು ನಿಜವಾದ ಅಭಿಸರಣೆಗೆ ಉದಾಹರಣೆಗಳು, ಏಕೆಂದರೆ ಅಲ್ಲಿ ಪ್ರತಿಯೊಂದು ಜೀವಕೋಶಕ್ಕೂ ಪೊರೆಯಿದೆ. ಪ್ರದರ್ಶನದಲ್ಲಿ ಅಭಿಸರಣೆ ಎಂದೇ ಶೀರ್ಷಿಕೆ ಬೇಕಿದ್ದರೆ ಪಾಠದಲ್ಲಿ ಬರುವ ಒಣದ್ರಾಕ್ಷಿಯನ್ನೋ, ವಿನೆಗರ್‌ನಲ್ಲಿ ಚಿಪ್ಪು ಕರಗಿಸಿದ ಹಸಿಮೊಟ್ಟೆಯನ್ನೋ ಇಡಿ. ಮಿಠಾಯಿಯ ಲೋಟದ ಮುಂದೆ ‘ನೀರು ಹೀರಿ ಉಬ್ಬುವ ಜೆಲ್’ ಎಂದು ಬರೆದರೆ ಸಾಕು. ಮೊಟ್ಟೆಯನ್ನೂ ಮಿಠಾಯಿಯನ್ನೂ ಅಕ್ಕಪಕ್ಕದಲ್ಲೇ ಇಟ್ಟು, ಯಾವುದಕ್ಕೆ ಪೊರೆಯಿದೆ ಎಂದು ನೋಡಲು ಬಂದವರನ್ನು ಕೇಳುವ ಕೆಲಸವನ್ನು ಆ ಹುಡುಗನಿಗೇ ವಹಿಸಬಹುದು.

ಪ್ರಶ್ನೆ: ಮಿಠಾಯಿ ‘ಎರಡರಷ್ಟಾಗುತ್ತದೆ’ ಎಂದು ಬರೆದಿದ್ದೀರಿ. ಎರಡರಷ್ಟು ಎಂದರೆ ಉದ್ದವೋ, ತೂಕವೋ? ಮೊಮ್ಮಗನ ಜೊತೆ ಅಳೆಯಲು ಕುಳಿತರೆ ಅಡುಗೆಮನೆಯ ತಕ್ಕಡಿ ಒಮ್ಮೆ 2 ಗ್ರಾಂ, ಇನ್ನೊಮ್ಮೆ 3 ಗ್ರಾಂ ತೋರಿಸುತ್ತದೆ. (ನಿವೃತ್ತ ಎಂಜಿನಿಯರ್, ಧಾರವಾಡ)

ಉತ್ತರ: ತಾವು ಹಿಡಿದ ತಪ್ಪು ಸರಿಯಾಗಿದೆ, ‘ಎರಡರಷ್ಟು’ ಎಂಬುದು ಅಳತೆಯಿಲ್ಲದ ಮಾತು. 20 ಮಿಲಿಮೀಟರ್ ಉದ್ದದ ಕರಡಿ 30 ಮಿಲಿಮೀಟರ್ ಆಯಿತೆಂದು ಇಟ್ಟುಕೊಳ್ಳೋಣ. ಉದ್ದದಲ್ಲಿ ಅದು ಒಂದೂವರೆ ಪಟ್ಟು ಮಾತ್ರ. ಅಗಲವೂ ದಪ್ಪವೂ ಅದೇ ಪ್ರಮಾಣದಲ್ಲಿ ಬೆಳೆದಿದ್ದರೆ ಗಾತ್ರ ಒಂದೂವರೆಯ ಘನ, ಅಂದರೆ 3.4 ಪಟ್ಟಿಗೆ ಹತ್ತಿರ. ಉದ್ದ ನಿಜವಾಗಿ ಎರಡರಷ್ಟಾದರೆ ಗಾತ್ರ ಎಂಟರಷ್ಟಾಗಿರುತ್ತದೆ. ಲೋಟದಲ್ಲಿ ಕರಡಿ ‘ದೈತ್ಯ’ನಂತೆ ಕಾಣುವುದಕ್ಕೆ ಈ ಘನದ ಲೆಕ್ಕವೂ ಕಾರಣ, ದುಂಡು ಲೋಟದ ನೀರು ಭೂತಗನ್ನಡಿಯಂತೆ ಹಿಗ್ಗಿಸಿ ತೋರಿಸುವುದೂ ಕಾರಣ. ಆದ್ದರಿಂದ ಹೊರತೆಗೆದ ಮೇಲೆಯೇ ಅಳೆಯಬೇಕು.

ತೂಕಕ್ಕೆ ಒಂದೊಂದನ್ನೇ ಇಡಬೇಡಿ. ಒಂದು ಗ್ರಾಂನ ತಕ್ಕಡಿ ಎರಡು ಗ್ರಾಂನ ವಸ್ತುವನ್ನು ತೂಗಿದರೆ ಅರ್ಧದಷ್ಟು ತಪ್ಪು ಅಲ್ಲಿಯೇ ಬಂತು. ಒಂದೇ ಪೊಟ್ಟಣದ, ಸಾಧ್ಯವಾದರೆ ಒಂದೇ ಬಣ್ಣದ ಹತ್ತು ಮಿಠಾಯಿಗಳನ್ನು ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸಿ. ನೀರಿನಿಂದ ತೆಗೆದಾಗ ಹತ್ತಿಬಟ್ಟೆಯ ಮೇಲೆ ಹೊರಳಿಸಿ, ಒತ್ತದೆ, ಮೇಲಿನ ತೇವವನ್ನಷ್ಟೇ ಆರಿಸಿ ತೂಗಬೇಕು. ಉಬ್ಬಿದ ಮಿಠಾಯಿ ಚಿಮ್ಮಟಕ್ಕೆ ಸಿಕ್ಕರೆ ಹರಿಯುತ್ತದೆ, ಅಂಗೈ ಮೇಲೆ ತೆಗೆದುಕೊಳ್ಳುವುದು ಲೇಸು. ಒಂದು ಮಿಠಾಯಿಯನ್ನು ನೀರಿಗೆ ಹಾಕದೆ ತಟ್ಟೆಯಲ್ಲಿ ಹಾಗೆಯೇ ಬಿಟ್ಟಿದ್ದರೆ ಹೋಲಿಕೆಗೆ ಅನುಕೂಲ. ಇನ್ನೊಂದು ಮಾತು: ತೂಕದಲ್ಲಿ ಆದ ಏರಿಕೆಯೆಲ್ಲ ಹೀರಿದ ನೀರು ಎಂದು ಬರೆದುಕೊಳ್ಳಬೇಡಿ. ಒಳಗೆ ನೀರು ಹೋದಂತೆ ಸಕ್ಕರೆ ಹೊರಗೆ ಬಂದಿರುವುದರಿಂದ, ಹೀರಿದ ನೀರು ತಕ್ಕಡಿ ತೋರಿಸುವುದಕ್ಕಿಂತ ಹೆಚ್ಚು.

ಮೊಮ್ಮಗನಿಗೆ ಕುತೂಹಲ ಉಳಿದಿದ್ದರೆ 1, 2, 4, 8, 24 ತಾಸುಗಳಿಗೆ ಒಮ್ಮೊಮ್ಮೆ ತೂಗಿ ನಕ್ಷೆ ಬರೆಯಲಿ. ಗೆರೆ ಮೊದಲು ಕಡಿದಾಗಿ ಏರಿ ಆಮೇಲೆ ಮಲಗುತ್ತಾ ಹೋಗುತ್ತದೆ. ಬಳಿಕ ಮಿಠಾಯಿಯನ್ನು ಬ್ಲೇಡಿನಿಂದ ಸೀಳಿ ದಪ್ಪವನ್ನು ಅರ್ಧಕ್ಕಿಳಿಸಿ ಅದನ್ನೇ ಮತ್ತೆ ಮಾಡಿ, ಸೀಳುವ ಕೆಲಸ ತಮ್ಮದೇ ಆಗಿರಲಿ. ವಿಸರಣೆಗೆ ಬೇಕಾಗುವ ಕಾಲ ದೂರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ದಪ್ಪ ಅರ್ಧವಾದರೆ ಕಾಲ ಅರ್ಧವಾಗುವುದಿಲ್ಲ, ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಕಡಲೆಬೇಳೆಗಿಂತ ಇಡೀ ಕಡಲೆ ನೆನೆಯಲು ಅಷ್ಟೊಂದು ಹೊತ್ತು ಹಿಡಿಯುವುದರಲ್ಲಿ ಸಿಪ್ಪೆಯ ಜೊತೆಗೆ ಈ ಲೆಕ್ಕವೂ ಸೇರಿದೆ.

ಪ್ರಶ್ನೆ: ನಮ್ಮದು ಕಟ್ಟಾ ಸಸ್ಯಾಹಾರಿ ಮನೆ. ಜೆಲಟಿನ್ ಒಳಗೆ ತರುವಂತಿಲ್ಲ. ಪೆಕ್ಟಿನ್ನಿನ ಮಿಠಾಯಿ ಉಬ್ಬುವುದಿಲ್ಲ. ಮಕ್ಕಳಿಗೆ ಬೇರೆ ದಾರಿ ಇದೆಯೇ? (ಓದುಗರೊಬ್ಬರು, ಉಡುಪಿ)

ಉತ್ತರ: ಇದೆ. ದಿನಸಿ ಅಂಗಡಿಯಲ್ಲಿ ‘ಚೈನಾ ಗ್ರಾಸ್’ ಎಂದು ಕೇಳಿದರೆ ಕೊಡುವ ಬಿಳಿಯ ಎಳೆಗಳು ಅಥವಾ ಪುಡಿ ಹುಲ್ಲಲ್ಲ, ಅಗರ್. ಸಮುದ್ರದ ಕೆಂಪು ಪಾಚಿಯಿಂದ ತೆಗೆದದ್ದು. ನೆರೆಯ ತಮಿಳುನಾಡಿನ ರಾಮನಾಥಪುರದ ಕಡಲತೀರದಲ್ಲಿ ಅಂಥ ಪಾಚಿಯನ್ನು ಹೆಂಗಸರು ನೀರಿನಲ್ಲಿ ಮುಳುಗಿ ಕಿತ್ತು ತರುತ್ತಾರೆ. ಸುಮಾರು 5 ಗ್ರಾಂ ಅಗರನ್ನು ಎರಡು ಲೋಟ ನೀರಿನಲ್ಲಿ ನೆನೆಸಿ, ಎಳೆ ಪೂರ್ತಿ ಮಾಯವಾಗುವವರೆಗೆ ಕುದಿಸಿ, ಬೇಕಿದ್ದರೆ ಬೀಟ್‌ರೂಟಿನ ನಾಲ್ಕು ಹನಿ ರಸ ಬೆರೆಸಿ ತಟ್ಟೆಗೆ ಸುರಿಯಿರಿ. 40 ಡಿಗ್ರಿಯ ಆಸುಪಾಸಿಗೆ ಇಳಿಯುತ್ತಲೇ ಅದು ಗಟ್ಟಿಯಾಗುತ್ತದೆ, ಫ್ರಿಜ್ಜು ಬೇಕಿಲ್ಲ. ಸಣ್ಣ ಬಿಲ್ಲೆಗಳಾಗಿ ಕತ್ತರಿಸಿ ಫ್ಯಾನಿನ ಕೆಳಗೆ ಒಂದೆರಡು ದಿನ ಒಣಗಿಸಿ. ಈ ಒಣಗಿಸುವ ಹಂತವನ್ನು ಬಿಡಬೇಡಿ, ಏಕೆಂದರೆ ನೀರು ತುಂಬಿಕೊಂಡಿರುವ ಹಸಿ ಬಿಲ್ಲೆ ಇನ್ನಷ್ಟು ನೀರನ್ನು ಅಷ್ಟಾಗಿ ಹೀರದು. ಸುಕ್ಕುಗಟ್ಟಿ ಚಕ್ಕೆಯಂತಾದದ್ದನ್ನು ನೀರಿಗೆ ಹಾಕಿದರೆ ಮತ್ತೆ ಮೈದುಂಬಿಕೊಳ್ಳುತ್ತದೆ.

ಅಗರಿನ ಒಂದು ವಿಶೇಷವೆಂದರೆ, ಗಟ್ಟಿಯಾದ ಮೇಲೆ ಅದು ಮತ್ತೆ ಕರಗಬೇಕಾದರೆ ಸುಮಾರು 85 ಡಿಗ್ರಿಯವರೆಗೆ ಕಾಯಬೇಕು. ರಾಯಚೂರಿನ ಓದುಗರ ತೊಂದರೆಯನ್ನೇ ಹೋಲುವ ತೊಂದರೆಯೊಂದು 1881ರಲ್ಲಿ ಜರ್ಮನಿಯಲ್ಲೂ ಇತ್ತು. ರಾಬರ್ಟ್ ಕಾಕ್ ಅವರ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಸಲು ಬಳಸುತ್ತಿದ್ದ ಜೆಲಟಿನ್ ಬಿಸಿಗೆ ಕರಗುತ್ತಿತ್ತು, ಕೆಲವು ಬ್ಯಾಕ್ಟೀರಿಯಾಗಳು ಅದನ್ನೇ ಜೀರ್ಣಿಸಿ ನೀರಾಗಿಸುತ್ತಿದ್ದವು. ಅಲ್ಲಿದ್ದ ವಾಲ್ಟರ್ ಹೆಸ್ಸೆ ಅವರ ಪತ್ನಿ ಫ್ಯಾನಿ ಹೆಸ್ಸೆ, ತಾವು ಮನೆಯಲ್ಲಿ ಜೆಲ್ಲಿ ಮಾಡಲು ಬಳಸುತ್ತಿದ್ದ ಅಗರನ್ನು ಪ್ರಯತ್ನಿಸಿ ನೋಡಬಹುದಲ್ಲ ಎಂದರು. ಅಂದು ಅಡುಗೆಮನೆಯಿಂದ ಹೋದ ಆ ವಸ್ತು ಇಂದಿಗೂ ರೋಗಪರೀಕ್ಷಾ ಪ್ರಯೋಗಾಲಯಗಳ ತಟ್ಟೆಗಳಲ್ಲಿದೆ.

ಅಷ್ಟು ಕಾಯುವ ತಾಳ್ಮೆ ಮಕ್ಕಳಿಗಿಲ್ಲದಿದ್ದರೆ ಒಂದು ಚಿಟಿಕೆ ಕಾಮಕಸ್ತೂರಿ ಬೀಜವನ್ನು ನೀರಿಗೆ ಉದುರಿಸಿ. ಕೆಲವೇ ನಿಮಿಷಗಳಲ್ಲಿ ಪ್ರತಿ ಕರಿಬೀಜದ ಸುತ್ತಲೂ ಕಪ್ಪೆಮೊಟ್ಟೆಯಂತೆ ತಿಳಿಯಾದ ಲೋಳೆ ಕಟ್ಟುತ್ತದೆ. ಅದೂ ನೀರು ಹೀರಿದ ಜೆಲ್ಲೇ. ಮಿಗಿಲಾಗಿ, ಕೊನೆಯಲ್ಲಿ ಶರಬತ್ತಿಗೆ ಹಾಕಿ ಕುಡಿಯಬಹುದು.

ಪ್ರಶ್ನೆ: ನಾನು ಆರನೇ ತರಗತಿ. ನಮ್ಮ ಮನೆಯಲ್ಲಿ ಅನಾನಸು ಬೆಳೆಯುತ್ತೇವೆ. ನೀರಿನ ಬದಲು ಅನಾನಸಿನ ರಸದಲ್ಲಿ ಜೆಲ್ಲಿ ಮಿಠಾಯಿ ಹಾಕಿದರೆ ಏನಾಗುತ್ತದೆ? ಮತ್ತೆ, ಮಿಠಾಯಿ ಹುಳು ಕುಣಿಯುತ್ತದೆ ಎಂದು ಅಣ್ಣ ಹೇಳಿದ, ಹೌದಾ? (ಬನವಾಸಿ ಹತ್ತಿರದ ಹಳ್ಳಿಯ ಬಾಲಕಿ)

ಉತ್ತರ: ಅನಾನಸು ಮನೆಯಲ್ಲೇ ಇರುವಾಗ ಕೇಳುವುದಕ್ಕಿಂತ ಮಾಡಿ ನೋಡುವುದೇ ಚೆನ್ನ ಅಲ್ಲವೇ, ಪುಟ್ಟಿ? ಮೂರು ಬಟ್ಟಲು ತೆಗೆದುಕೋ. ಒಂದಕ್ಕೆ ಆಗತಾನೇ ಹಿಂಡಿದ ರಸ, ಎರಡನೆಯದಕ್ಕೆ ಅಮ್ಮನ ಕೈಯಲ್ಲಿ ಕುದಿಸಿ ಪೂರ್ತಿ ಆರಿಸಿದ ರಸ, ಮೂರನೆಯದಕ್ಕೆ ನೀರು. ಜೆಲಟಿನ್ ಇರುವ ಮಿಠಾಯಿಗಳನ್ನು ಒಂದೊಂದಕ್ಕೆ ಒಂದರಂತೆ ಹಾಕು. ಹಸಿರಸದಲ್ಲಿದ್ದದ್ದು ಹೊರಮೈಯಿಂದ ಸವೆಯುತ್ತಾ, ಕರಡಿಯ ಕಿವಿ ಮೂಗುಗಳು ಮೊದಲು ಅಳಿಸಿಹೋಗಿ, ಲೋಳೆಯಾಗುತ್ತದೆ. ಕುದಿಸಿದ ರಸದಲ್ಲಿ ಹಾಗಾಗುವುದಿಲ್ಲ. ಅನಾನಸಿನಲ್ಲಿ ಬ್ರೊಮೆಲಿನ್ ಎಂಬ ಕಿಣ್ವವಿದೆ. ಅದು ಪ್ರೋಟೀನನ್ನು ಕತ್ತರಿಸುತ್ತದೆ, ಜೆಲಟಿನ್ ಎಂಬುದು ಪ್ರೋಟೀನ್. ಕುದಿಸಿದಾಗ ಕಿಣ್ವ ಕೆಡುತ್ತದೆ. ಹೆಚ್ಚು ಅನಾನಸು ತಿಂದಾಗ ನಾಲಿಗೆ ಚುರುಚುರು ಎನ್ನುವುದರಲ್ಲೂ ಇದರ ಪಾಲಿದೆ. ಹಸಿ ಪಪ್ಪಾಯಿಯ ಹಾಲಿನಲ್ಲೂ ಇಂಥದೇ ಕಿಣ್ವವಿದೆ, ಅದಕ್ಕೇ ಕೆಲವರು ಮಾಂಸ ಮೆತ್ತಗಾಗಲೆಂದು ಪಪ್ಪಾಯಿಕಾಯಿ ಹಾಕುತ್ತಾರೆ. ಉಡುಪಿಯವರಿಗೆ ಹೇಳಿದ ಅಗರಿನ ಬಿಲ್ಲೆ ಪ್ರೋಟೀನ್ ಅಲ್ಲ. ಅನಾನಸು ಅದನ್ನು ಏನೂ ಮಾಡಲಾರದು.

ಅಣ್ಣ ಹೇಳಿದ್ದೂ ನಿಜ, ಆದರೆ ಹುಳುವನ್ನು ಉದ್ದಕ್ಕೆ ನಾಲ್ಕು ಎಳೆಗಳಾಗಿ ಸೀಳಿಸಿಕೊಳ್ಳಬೇಕು. ಇಡೀ ಹುಳು ಭಾರವಾಗಿ ತಳದಲ್ಲೇ ಮಲಗಿಬಿಡುತ್ತದೆ. ಒಂದು ಬಟ್ಟಲು ನೀರಿಗೆ ಮೂರು ದೊಡ್ಡ ಚಮಚ ಅಡುಗೆ ಸೋಡಾ ಕದಡಿ ಎಳೆಗಳನ್ನು ಕಾಲು ಗಂಟೆ ನೆನೆಸಿ, ಆಮೇಲೆ ವಿನೆಗರ್ ಇರುವ ಗಾಜಿನ ಲೋಟಕ್ಕೆ ಹಾಕು. ಸೋಡಾವೂ ಹುಳಿಯೂ ಸೇರಿ ಹುಟ್ಟುವ ಇಂಗಾಲದ ಡೈಆಕ್ಸೈಡಿನ ಗುಳ್ಳೆಗಳು ಎಳೆಗೆ ಅಂಟಿಕೊಂಡು ಅದನ್ನು ಮೇಲಕ್ಕೆ ಎತ್ತುತ್ತವೆ, ಮೇಲೆ ಬಂದಾಗ ಗುಳ್ಳೆ ಒಡೆದು ಎಳೆ ಕೆಳಗಿಳಿಯುತ್ತದೆ. ಕುಣಿತ ಹೆಚ್ಚು ಹೊತ್ತು ನಡೆಯದು, ಅಣ್ಣನನ್ನು ಮೊದಲೇ ಕರೆದಿಟ್ಟುಕೋ.

ಪ್ರಶ್ನೆ: ಉಬ್ಬಿದ ಮಿಠಾಯಿಯನ್ನು ತಿನ್ನಬಹುದೇ? ನನ್ನ ಮೂರು ವರ್ಷದ ಮಗ ಲೋಟಕ್ಕೆ ಕೈಹಾಕುತ್ತಿದ್ದಾನೆ. (ಓದುಗರೊಬ್ಬರು, ಬೆಂಗಳೂರು)

ಉತ್ತರ: ಬೇಡ. ರಾತ್ರಿಯಿಡೀ ಹೊರಗಿದ್ದ ಸಕ್ಕರೆ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆದಿರುತ್ತದೆ. ಸಕ್ಕರೆಯೆಲ್ಲ ನೀರಿಗೆ ಹೋಗಿ ರುಚಿಯೂ ಸಪ್ಪೆ. ಅಷ್ಟು ಚಿಕ್ಕ ಮಗುವಿನ ಗಂಟಲಿಗೆ ಒಣ ಗಮ್ಮಿಯೂ ಸಿಕ್ಕಿಕೊಳ್ಳಬಹುದು, ಜಾರುವ ಉಬ್ಬಿದ ತುಂಡೂ ಸಿಕ್ಕಿಕೊಳ್ಳಬಹುದು. ಇದರ ಜೊತೆಗೆ ಇನ್ನೊಂದು ಎಚ್ಚರಿಕೆ: ನೀರಿಗೆ ಹಾಕಿದರೆ ಗೋಲಿಯಷ್ಟಾಗುವ, ಸಾಸಿವೆಯಿಂದ ಸಾಬಕ್ಕಿಯವರೆಗಿನ ಗಾತ್ರದ ಬಣ್ಣದ ಮಣಿಗಳನ್ನು ಆಟಿಕೆಯೆಂದೂ ಹೂದಾನಿಯ ಅಲಂಕಾರಕ್ಕೆಂದೂ ಮಾರುತ್ತಾರೆ. ಅವು ತಿನ್ನುವ ಜೆಲಟಿನ್ ಅಲ್ಲ, ಡೈಪರ್‌ಗಳಲ್ಲಿ ಬಳಸುವಂಥ ನೀರು ಹೀರುವ ಪ್ಲಾಸ್ಟಿಕ್ಕಿನ ಜಾತಿ. ನುಂಗಿದರೆ ಕರುಳಿನೊಳಗೆ ಉಬ್ಬಿ ದಾರಿ ಕಟ್ಟಬಹುದು. ನುಂಗಿದ ಅನುಮಾನ ಬಂದರೂ ವಾಂತಿ ಬರುವವರೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಜೆಲ್ಲಿಯ ಪ್ರಯೋಗಕ್ಕೆ ಬದಲಾಗಿ ಅವನ್ನು ಮನೆಗೆ ತರಬೇಡಿ. ನಿಮ್ಮ ಲೋಟವನ್ನು ಸದ್ಯಕ್ಕೆ ಮಗನ ಕೈಗೆ ಎಟುಕದ ಫ್ರಿಜ್ಜಿನ ಮೇಲಿನ ಅರೆಯಲ್ಲಿಡಿ. ಮೊದಲ ಉತ್ತರದಲ್ಲಿ ಹೇಳಿದಂತೆ ಮಿಠಾಯಿಗೂ ಅಲ್ಲೇ ಕ್ಷೇಮ.